ಟೆಸ್ಟ್ ಫೋಲ್ಡರ್‌ಗಳ ವಿಂಗಡಣೆ: ಮೂಲ ಕೋಡಿನ ಜಾಡಿನಲ್ಲೋ, ಟೆಸ್ಟಿನ ಬಗೆಯ ಪ್ರಕಾರವೋ?

ಬರಹಸೇತು (ಪ್ರಶ್ನೆ)

ಹಳೆಯ ನುಡಿ ಆಸ್ಕಿ ಫಾಂಟುಗಳಲ್ಲಿ ಟೈಪಿಸಿಟ್ಟ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಪೈಥಾನ್ ಲೈಬ್ರರಿಯೊಂದನ್ನು ನಾವು ಕೆಲವರು ಸೇರಿ ಬಿಡುವಿನ ವೇಳೆಯಲ್ಲಿ ನಿರ್ವಹಿಸುತ್ತಿದ್ದೇವೆ. ಫಾಂಟಿನ ಸಂಕೇತಗಳನ್ನು ಅಕ್ಷರಗಳಿಗೆ ಹೊಂದಿಸುವ ಕೋಷ್ಟಕ, ಹೊಂದಿಸಿದ ಅಕ್ಷರಗಳನ್ನು ಯುನಿಕೋಡ್ ಕ್ರಮಕ್ಕೆ ತರುವ ಮರುಜೋಡಣೆ, ವರ್ಡ್ ಕಡತಗಳನ್ನು ಓದಿ ಬರೆಯುವ ಭಾಗ, ಕಮಾಂಡ್‌ಲೈನ್ ಉಪಕರಣ ಇವೆಲ್ಲ ಮೊದಲಿನಿಂದಲೂ ಇದ್ದವು. ಇತ್ತೀಚೆಗೆ ಇವುಗಳ ಜೊತೆಗೆ, ಕಡತವನ್ನು ಅಪ್‌ಲೋಡ್ ಮಾಡಿದರೆ ಪರಿವರ್ತಿಸಿ ಹಿಂದಿರುಗಿಸುವ ಒಂದು ಸಣ್ಣ ವೆಬ್ ಸೇವೆಯೂ ಸೇರಿದೆ. ಅದು ತನ್ನ ಕೆಲಸದ ಸರದಿಯನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ.

ಟೆಸ್ಟ್‌ಗಳೆಲ್ಲ ಪೈಟೆಸ್ಟ್ ಎಂಬ, ಪೈಥಾನ್ ಕೋಡನ್ನು ಪರೀಕ್ಷಿಸುವ ಉಪಕರಣದಲ್ಲಿವೆ. ಪ್ರಾಜೆಕ್ಟಿನ ಬುಡದಲ್ಲಿರುವ 'ಟೆಸ್ಟ್ಸ್' ಎಂಬ ಒಂದೇ ಫೋಲ್ಡರ್‌ನಲ್ಲಿ ಅರವತ್ತಕ್ಕೂ ಹೆಚ್ಚು ಕಡತಗಳು ಯಾವ ವಿಂಗಡಣೆಯೂ ಇಲ್ಲದೆ ಕುಳಿತಿವೆ. ಅವುಗಳ ನಡುವೆಯೇ ಮಾದರಿ ವರ್ಡ್ ಕಡತಗಳು, ನುಡಿ ಪಠ್ಯಗಳು, ನಿರೀಕ್ಷಿತ ಫಲಿತಾಂಶದ ಕಡತಗಳು ಬೆರೆತಿವೆ. ಫಿಕ್ಸ್ಚರ್‌ಗಳಿಗೆಂದು, ಅಂದರೆ ಟೆಸ್ಟ್ ಓಡಲು ಬೇಕಾದ ಸಿದ್ಧತೆ ಮಾಡಿಕೊಡುವ ಫಂಕ್ಷನ್‌ಗಳಿಗೆಂದು, ಇರುವ ಕಾನ್ಫ್‌ಟೆಸ್ಟ್ ಕಡತವೂ ಒಂದೇ. ವೆಬ್ ಸೇವೆ ಬಂದಾಗ ಡೇಟಾಬೇಸನ್ನು ಸಿದ್ಧಪಡಿಸುವ ಫಿಕ್ಸ್ಚರ್ ಅದರೊಳಗೆ ಸೇರಿತು, ಮತ್ತು ಅದು ಯಾರೂ ಕೇಳದಿದ್ದರೂ ಪ್ರತಿ ಟೆಸ್ಟಿಗೂ ತಾನಾಗಿಯೇ ಅನ್ವಯಿಸುವಂತೆ ಬರೆಯಲ್ಪಟ್ಟಿದೆ. ಇದರಿಂದಾಗಿ, ಮರುಜೋಡಣೆಯ ಒಂದು ಸಾಲನ್ನು ತಿದ್ದಲು ಬರುವ ಹೊಸ ಸ್ವಯಂಸೇವಕರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿಕೊಳ್ಳದೆ ಒಂದೇ ಒಂದು ಟೆಸ್ಟನ್ನೂ ನಡೆಸಲಾರದ ಸ್ಥಿತಿ ಬಂದಿದೆ.

ಫೋಲ್ಡರ್ ಒಡೆಯಬೇಕೆಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ, ಹೇಗೆ ಎಂಬುದರಲ್ಲಿದೆ. ಮೂಲ ಕೋಡಿನ ಫೋಲ್ಡರ್‌ಗಳು ಹೇಗಿವೆಯೋ ಟೆಸ್ಟ್‌ಗಳೂ ಹಾಗೆಯೇ ಇರಲಿ, ಹುಡುಕುವುದು ಸುಲಭ ಎಂದು ಕೆಲವರು ಹೇಳುತ್ತಾರೆ. ಯೂನಿಟ್ (ಒಂದೊಂದು ಭಾಗದ್ದು), ಇಂಟಿಗ್ರೇಷನ್ (ಭಾಗಗಳು ಸೇರಿದಾಗಿನದು), ಎಂಡ್-ಟು-ಎಂಡ್ (ಆರಂಭದಿಂದ ಕೊನೆಯವರೆಗಿನದು) ಎಂದು ಬಗೆಯ ಪ್ರಕಾರ ಒಡೆಯಬೇಕೆಂದು ಉಳಿದವರ ವಾದ. ವರ್ಡ್ ಕಡತವನ್ನು ಡಿಸ್ಕಿನಿಂದ ಓದುವ ಟೆಸ್ಟ್ ಯೂನಿಟ್ ಆಗುತ್ತದೆಯೋ ಇಂಟಿಗ್ರೇಷನ್ ಆಗುತ್ತದೆಯೋ ಎಂಬ ಚರ್ಚೆಯಲ್ಲಿಯೇ ನಮ್ಮ ಕಳೆದ ಸಭೆ ಮುಗಿದುಹೋಯಿತು. ಇಂತಹ ಪ್ರಾಜೆಕ್ಟುಗಳನ್ನು ನಡೆಸಿದವರು ಯಾವ ಆಧಾರದ ಮೇಲೆ ತೀರ್ಮಾನಿಸಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕಡಲತಡಿಯವ

ಬರಹಸೇತು ಅವರೇ, ನಿಮ್ಮ ಪ್ರಶ್ನೆಯ ಎರಡನೆಯ ಕಂಡಿಕೆಯಲ್ಲಿಯೇ ಉತ್ತರವಿದೆ. ನಿಮಗೆ ತೊಂದರೆ ಕೊಡುತ್ತಿರುವುದು ಕಡತಗಳ ಸಂಖ್ಯೆಯಲ್ಲ, ಆ ಡೇಟಾಬೇಸ್ ಫಿಕ್ಸ್ಚರ್. ಪೈಟೆಸ್ಟ್‌ನಲ್ಲಿ ಫೋಲ್ಡರ್ ಎಂಬುದು ಕೇವಲ ಕಡತಗಳನ್ನು ಜೋಡಿಸಿಡುವ ಜಾಗವಲ್ಲ: ಒಂದು ಕಾನ್ಫ್‌ಟೆಸ್ಟ್ ಕಡತದಲ್ಲಿರುವ ಫಿಕ್ಸ್ಚರ್‌ಗಳು ಆ ಫೋಲ್ಡರ್ ಮತ್ತು ಅದರ ಒಳಗಿನ ಫೋಲ್ಡರ್‌ಗಳ ಟೆಸ್ಟ್‌ಗಳಿಗೆ ಮಾತ್ರ ಕಾಣುತ್ತವೆ, ಪಕ್ಕದ ಫೋಲ್ಡರಿಗೆ ಕಾಣುವುದಿಲ್ಲ. ಆದ್ದರಿಂದ ಫೋಲ್ಡರಿನ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆಯು, ಯಾವ ಟೆಸ್ಟ್‌ಗಳು ಓಡಲು ಯಾವ ಸಿದ್ಧತೆ ಬೇಕು ಎಂಬ ಪ್ರಶ್ನೆಯೇ ಆಗಿದೆ. ಯೂನಿಟ್, ಇಂಟಿಗ್ರೇಷನ್ ಎಂಬ ಹೆಸರುಗಳ ವ್ಯಾಖ್ಯಾನಕ್ಕೆ ಹೊರಟರೆ ನಿಮ್ಮ ಸಭೆ ಮುಂದಿನ ವಾರವೂ ಮುಗಿಯುವುದಿಲ್ಲ. ಬದಲಿಗೆ, ಈ ಟೆಸ್ಟ್ ಓಡಲು ರೆಪಾಸಿಟರಿಯ (ಪ್ರಾಜೆಕ್ಟಿನ ಕಡತಗಳ ಭಂಡಾರದ) ಹೊರಗಿನದು ಏನಾದರೂ ಬೇಕೇ ಎಂದು ಕೇಳಿದರೆ ಹೌದು, ಇಲ್ಲ ಎಂಬ ಎರಡೇ ಉತ್ತರಗಳಿರುತ್ತವೆ.

ನಿಮ್ಮ ಪ್ರಾಜೆಕ್ಟಿಗೆ ಇದನ್ನು ಅನ್ವಯಿಸಿದರೆ ಮೂರು ಫೋಲ್ಡರ್‌ಗಳು ಸಾಕೆಂದು ನನಗನ್ನಿಸುತ್ತದೆ. ಏನೂ ಬೇಡದ ಟೆಸ್ಟ್‌ಗಳು ಮೊದಲನೆಯದರಲ್ಲಿ ಇರಲಿ. ಕೋಷ್ಟಕ, ಮರುಜೋಡಣೆ, ವರ್ಡ್ ಕಡತ ಓದುವ ಭಾಗ ಎಲ್ಲವೂ ಇಲ್ಲಿಗೇ ಬರುತ್ತವೆ, ಏಕೆಂದರೆ ವರ್ಡ್ ಕಡತವು ರೆಪಾಸಿಟರಿಯಲ್ಲಿಯೇ ಇದೆ ಮತ್ತು ಅದನ್ನು ಓದಲು ಯಾವ ಸರ್ವರೂ ಬೇಕಿಲ್ಲ. ಡಿಸ್ಕನ್ನು ಮುಟ್ಟಿದ ಮಾತ್ರಕ್ಕೆ ಅದನ್ನು ಬೇರೆಡೆಗೆ ಕಳುಹಿಸುವುದು ಮಡಿವಂತಿಕೆಯಷ್ಟೇ. ಪೋಸ್ಟ್‌ಗ್ರೆಸ್ ಬೇಕಾದ ವೆಬ್ ಸೇವೆಯ ಟೆಸ್ಟ್‌ಗಳು ಎರಡನೆಯದರಲ್ಲಿ, ತಮ್ಮದೇ ಕಾನ್ಫ್‌ಟೆಸ್ಟ್ ಕಡತದೊಂದಿಗೆ ಇರಲಿ. ಆಗ ಆ ಫಿಕ್ಸ್ಚರ್ ತಾನಾಗಿ ಅನ್ವಯಿಸಿದರೂ ಅದರ ಪರಿಣಾಮ ಆ ಫೋಲ್ಡರ್ ದಾಟುವುದಿಲ್ಲ. ಲೈಬ್ರರಿಯನ್ನು ಪ್ಯಾಕೇಜಾಗಿ ಕಟ್ಟಿ, ಇನ್‌ಸ್ಟಾಲ್ ಮಾಡಿ, ಕಮಾಂಡ್‌ಲೈನ್ ಉಪಕರಣವನ್ನು ಪ್ರತ್ಯೇಕ ಪ್ರೋಸೆಸ್ ಆಗಿ ಓಡಿಸಿ ನೋಡುವ ಕೆಲವೇ ಟೆಸ್ಟ್‌ಗಳು ಮೂರನೆಯದರಲ್ಲಿ ಇರಲಿ. ಹೊಸಬರು ಮೊದಲ ಫೋಲ್ಡರ್ ಒಂದನ್ನೇ ಹೆಸರಿಸಿ ಪೈಟೆಸ್ಟ್ ಓಡಿಸಿದರೆ ಅವರ ಕೆಲಸ ನಡೆಯುತ್ತದೆ.

ಮೂರನೆಯ ಫೋಲ್ಡರ್ ಏಕೆಂದು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಿಮ್ಮಂತಹ ಲೈಬ್ರರಿಗೆ ಇದು ಉಳಿದೆಲ್ಲಕ್ಕಿಂತ ಮುಖ್ಯವಾಗಬಹುದು. ನಿಮ್ಮ ಕೋಷ್ಟಕವು ಪೈಥಾನ್ ಕೋಡಿನ ಹೊರಗೆ, ಒಂದು ಜೇಸನ್ ಅಥವಾ ಸಿಎಸ್‌ವಿ ಕಡತವಾಗಿ ಇರುತ್ತದೆಂದು ಭಾವಿಸುತ್ತೇನೆ. ಪ್ಯಾಕೇಜ್ ಕಟ್ಟುವಾಗ ಅಂತಹ ದತ್ತಾಂಶ ಕಡತಗಳನ್ನು ಸೇರಿಸಬೇಕೆಂದು ಸಂರಚನೆಯಲ್ಲಿ ಹೇಳದೆ ಬಿಟ್ಟರೆ ಅವು ವೀಲ್ ಕಡತದೊಳಗೆ, ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ಯಾಕೇಜಿನೊಳಗೆ, ಹೋಗದಿರಬಹುದು. ಆದರೂ ನಿಮ್ಮ ಟೆಸ್ಟ್‌ಗಳೆಲ್ಲ ಹಸಿರಾಗಿಯೇ ಇರುತ್ತವೆ. ಪೈಟೆಸ್ಟ್‌ನ ರೂಢಿಯ ಇಂಪೋರ್ಟ್ ವಿಧಾನವಾದ 'ಪ್ರಿಪೆಂಡ್', ಟೆಸ್ಟ್ ಕಡತ ಇರುವ ಜಾಗದಿಂದ ಮೇಲಕ್ಕೆ ಹೋಗುತ್ತಾ ಇನಿಟ್ ಕಡತವಿಲ್ಲದ (ಫೋಲ್ಡರ್ ಒಂದು ಪ್ಯಾಕೇಜೆಂದು ಪೈಥಾನಿಗೆ ತಿಳಿಸುವ ಕಡತ ಇದು) ಮೊದಲ ಫೋಲ್ಡರನ್ನು ಹುಡುಕಿ, ಅದನ್ನು ಪೈಥಾನಿನ ಹುಡುಕಾಟದ ಪಟ್ಟಿಯ ಮೊದಲಿಗೆ ಸೇರಿಸುತ್ತದೆ. ಟೆಸ್ಟ್ಸ್ ಫೋಲ್ಡರಿನಲ್ಲಿ ಇನಿಟ್ ಕಡತವಿದ್ದರೆ ಹೀಗೆ ಸೇರುವುದು ಪ್ರಾಜೆಕ್ಟಿನ ಬುಡವೇ. ನಿಮ್ಮ ಲೈಬ್ರರಿಯೂ ಬುಡದಲ್ಲಿಯೇ ಇದ್ದರೆ, ಇನ್‌ಸ್ಟಾಲ್ ಆದ ಪ್ರತಿಯ ಬದಲು ಕೆಲಸದ ಪ್ರತಿಯೇ ಇಂಪೋರ್ಟ್ ಆಗುತ್ತದೆ, ಅಲ್ಲಿ ಕೋಷ್ಟಕ ಹೇಗೂ ಇದೆ, ಟೆಸ್ಟ್ ಪಾಸಾಗುತ್ತದೆ. ಬಳಕೆದಾರರು ಪಿಪ್ ಎಂಬ ಇನ್‌ಸ್ಟಾಲ್ ಉಪಕರಣದ ಮೂಲಕ ಹಾಕಿಕೊಂಡಾಗ ಮಾತ್ರ ಕೋಷ್ಟಕ ಸಿಗುವುದಿಲ್ಲ.

ಇದನ್ನು ತಪ್ಪಿಸಲೆಂದೇ ಲೈಬ್ರರಿಯ ಕೋಡನ್ನು ಬುಡದಲ್ಲಿ ಇಡದೆ 'ಎಸ್‌ಆರ್‌ಸಿ' ಫೋಲ್ಡರ್‌ನೊಳಗೆ ಇಡುವ ಪದ್ಧತಿ ಬಂದಿದೆ. ಹಾಗೆ ಇಟ್ಟರೆ ಇನ್‌ಸ್ಟಾಲ್ ಮಾಡದೆ ಇಂಪೋರ್ಟ್ ಆಗುವುದೇ ಇಲ್ಲ. ಆದರೆ ಎಡಿಟೇಬಲ್ ಇನ್‌ಸ್ಟಾಲ್ ಮಾಡಿಕೊಂಡರೆ ಅದು ಕೂಡ ಕೆಲಸದ ಪ್ರತಿಯನ್ನೇ ತೋರಿಸುವುದರಿಂದ, ಸಿಐನಲ್ಲಿ (ಪ್ರತಿ ಬದಲಾವಣೆಗೂ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ) ಟಾಕ್ಸ್ ಅಥವಾ ನಾಕ್ಸ್‌ನಂತಹ ಉಪಕರಣದ ಮೂಲಕ ನಿಜವಾದ ವೀಲನ್ನು ಕಟ್ಟಿ, ಹೊಸ ವರ್ಚುಯಲ್ ಎನ್ವಿರಾನ್‌ಮೆಂಟ್‌ನಲ್ಲಿ ಹಾಕಿ, ಕನಿಷ್ಠ ಆ ಮೂರನೆಯ ಫೋಲ್ಡರನ್ನಾದರೂ ಅದರ ಮೇಲೆ ಓಡಿಸಬೇಕು.

ಫೋಲ್ಡರ್ ಒಡೆದ ದಿನವೇ ನಿಮಗೆ ಎದುರಾಗುವ ಇನ್ನೊಂದು ಸಂಗತಿಯೆಂದರೆ ಹೆಸರುಗಳ ಘರ್ಷಣೆ. ಇನಿಟ್ ಕಡತಗಳಿಲ್ಲದ ಎರಡು ಫೋಲ್ಡರ್‌ಗಳಲ್ಲಿ 'ಟೆಸ್ಟ್_ಪರಿವರ್ತಕ' ಎಂಬ ಒಂದೇ ಹೆಸರಿನ ಕಡತಗಳಿದ್ದರೆ, ಪ್ರಿಪೆಂಡ್ ವಿಧಾನದಲ್ಲಿ ಎರಡೂ ಒಂದೇ ಮಾಡ್ಯೂಲ್ ಹೆಸರು ಪಡೆಯುವುದರಿಂದ ಪೈಟೆಸ್ಟ್ ದೋಷ ತೋರಿಸಿ ನಿಂತುಬಿಡುತ್ತದೆ. ಎಲ್ಲ ಫೋಲ್ಡರ್‌ಗಳಲ್ಲಿಯೂ ಇನಿಟ್ ಕಡತ ಇಡುವುದು ಒಂದು ದಾರಿ. 2020ರಲ್ಲಿ ಬಂದ ಪೈಟೆಸ್ಟ್ 6.0ರಲ್ಲಿ ಸೇರಿದ 'ಇಂಪೋರ್ಟ್‌ಲಿಬ್' ವಿಧಾನ ಬಳಸುವುದು ಇನ್ನೊಂದು. ಹೊಸ ಪ್ರಾಜೆಕ್ಟುಗಳಿಗೆ ಪೈಟೆಸ್ಟ್‌ನ ದಾಖಲೆಗಳೇ ಇದನ್ನು ಶಿಫಾರಸು ಮಾಡುತ್ತವೆ. ಆದರೆ ಇದು ಹುಡುಕಾಟದ ಪಟ್ಟಿಯನ್ನು ಮುಟ್ಟುವುದಿಲ್ಲವಾದ್ದರಿಂದ, ಟೆಸ್ಟ್ ಕಡತಗಳು ಪಕ್ಕದಲ್ಲಿರುವ ಸಹಾಯಕ ಮಾಡ್ಯೂಲನ್ನು ಹೆಸರು ಹೇಳಿ ಇಂಪೋರ್ಟ್ ಮಾಡಿಕೊಳ್ಳುವ ಹಳೆಯ ಅಭ್ಯಾಸ ನಡೆಯುವುದಿಲ್ಲ. ಸಹಾಯಕ ಕೋಡನ್ನು ಒಂದೆಡೆ ಇಟ್ಟು, ಪೈಟೆಸ್ಟ್ 7.0ರಿಂದ ಇರುವ 'ಪೈಥಾನ್‌ಪಾತ್' ಆಯ್ಕೆಯಲ್ಲಿ ಆ ಜಾಗವನ್ನು ತಿಳಿಸಿದರೆ ಸಾಕು. ಕಾನ್ಫ್‌ಟೆಸ್ಟ್ ಕಡತವನ್ನಂತೂ ಯಾವ ಕಾರಣಕ್ಕೂ ಕೈಯಾರೆ ಇಂಪೋರ್ಟ್ ಮಾಡಬೇಡಿ.

ಮೊದಲ ಫೋಲ್ಡರಿನ ಒಳಗೆ ಮೂಲ ಕೋಡಿನ ಜಾಡನ್ನೇ ಅನುಸರಿಸಿ. ಉಳಿದ ಎರಡರಲ್ಲಿ ಅದರ ಅಗತ್ಯವಿಲ್ಲ.

ನೇತ್ರಾವತಿ

ಕಡಲತಡಿಯವರ ಮಾತಿನಲ್ಲಿ ಮೂಲ ಕೋಡಿನ ಜಾಡನ್ನು ಅನುಸರಿಸಿ ಎಂಬ ಕೊನೆಯ ಸಲಹೆಯೊಂದನ್ನು ಬಿಟ್ಟು ಉಳಿದದ್ದಕ್ಕೆ ನನ್ನ ಒಪ್ಪಿಗೆಯಿದೆ. ನಾನು ಹೆಚ್ಚಾಗಿ ಜಾವಾ ಮತ್ತು ಗೋ ಭಾಷೆಗಳಲ್ಲಿ ಕೆಲಸ ಮಾಡುವವಳು. ಮೂಲ ಕೋಡಿನ ಜಾಡನ್ನು ಟೆಸ್ಟ್‌ಗಳು ಅನುಸರಿಸಬೇಕೆಂಬ ರೂಢಿ ಆ ಭಾಷೆಗಳಲ್ಲಿ ಯಾವ ಕಾರಣಕ್ಕೆ ಬಂತೆಂಬುದನ್ನು ನೋಡಿದರೆ, ಪೈಥಾನಿಗೆ ಆ ಕಾರಣಗಳು ಅನ್ವಯಿಸುವುದಿಲ್ಲ ಎಂಬುದು ತಿಳಿಯುತ್ತದೆ.

ಜಾವಾ ಪ್ರಾಜೆಕ್ಟುಗಳನ್ನು ಕಟ್ಟುವ ಮೇವನ್‌ನಲ್ಲಿ ಮೂಲ ಕೋಡ್ ಒಂದು ಮರದಲ್ಲಿ, ಟೆಸ್ಟ್ ಇನ್ನೊಂದು ಮರದಲ್ಲಿ ಇರುತ್ತವೆ, ಆದರೆ ಪ್ಯಾಕೇಜಿನ ಹೆಸರು ಎರಡರಲ್ಲಿಯೂ ಒಂದೇ ಆಗಿರುತ್ತದೆ. ಸಾರ್ವಜನಿಕವೆಂದು ಘೋಷಿಸದ ಕ್ಲಾಸುಗಳು ಅದೇ ಪ್ಯಾಕೇಜಿನವರಿಗೆ ಮಾತ್ರ ಕಾಣುವುದರಿಂದ, ಅವುಗಳನ್ನು ಪರೀಕ್ಷಿಸಲು ಟೆಸ್ಟ್ ಕೂಡ ಅದೇ ಪ್ಯಾಕೇಜಿನಲ್ಲಿ ಇರುವುದು ಅನಿವಾರ್ಯ. ಗೋ ಭಾಷೆಯಲ್ಲಿ ಟೆಸ್ಟ್ ಕಡತ ಮೂಲ ಕಡತದ ಪಕ್ಕದಲ್ಲಿಯೇ, ಅದೇ ಫೋಲ್ಡರಿನಲ್ಲಿ ಇರುವುದಕ್ಕೂ ಇದೇ ಬಗೆಯ ಕಾರಣವಿದೆ. ಅಲ್ಲಿ ಒಂದು ಫೋಲ್ಡರೆಂದರೆ ಒಂದು ಪ್ಯಾಕೇಜ್. ಪೈಥಾನಿನಲ್ಲಿ ಎಲ್ಲಿಂದ ಬೇಕಾದರೂ ಏನನ್ನು ಬೇಕಾದರೂ ಇಂಪೋರ್ಟ್ ಮಾಡಬಹುದಾದ್ದರಿಂದ, ಜಾಡು ಹಿಡಿಯುವುದರಿಂದ ಸಿಗುವ ಲಾಭ ಹುಡುಕುವ ಅನುಕೂಲವೊಂದೇ. ಆ ಅನುಕೂಲವನ್ನು ಇಂದಿನ ಎಡಿಟರುಗಳು ಹೇಗೂ ಒದಗಿಸುತ್ತವೆ.

ನಷ್ಟ ಮಾತ್ರ ದೊಡ್ಡದು. ಅರ್ಕಾವತ್ತಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನುಡಿ ಆಸ್ಕಿಯಲ್ಲಿ 'ಧರ್ಮ', 'ಕೀರ್ತಿ' ಎಂಬ ಪದಗಳಲ್ಲಿ ಅರ್ಕಾವತ್ತಿನ ಗುರುತು, ಕಣ್ಣಿಗೆ ಕಾಣುವ ಕ್ರಮದಲ್ಲಿಯೇ, ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮತ್ತು ವಿರಾಮ ಎರಡೂ ಆ ವ್ಯಂಜನಕ್ಕಿಂತ ಮೊದಲು ಬರಬೇಕು. 'ಮರ್ತ್ಯ' ಎಂಬಲ್ಲಿ ಅದು ಒತ್ತಕ್ಷರವನ್ನೂ ಸೇರಿಸಿ ಇಡೀ ಗುಚ್ಛವನ್ನು ದಾಟಿ ಹಿಂದಕ್ಕೆ ಹೋಗಬೇಕು. ಇದು ಸರಿಯಾಗಲು ಕೋಷ್ಟಕ, ಗುಚ್ಛದ ಗಡಿ ಗುರುತಿಸುವ ಕೋಡ್, ಮರುಜೋಡಣೆ ಮೂರೂ ಸರಿಯಿರಬೇಕು. ಇದರ ಟೆಸ್ಟನ್ನು ಯಾವ ಮಾಡ್ಯೂಲಿನ ಪ್ರತಿಬಿಂಬದಲ್ಲಿ ಇಡುತ್ತೀರಿ? ಮೂರರಲ್ಲಿಯೂ ಒಂದೊಂದು ತುಂಡು ಇಟ್ಟರೆ, ಮೂರೂ ಪಾಸಾಗಿ 'ಧರ್ಮ' ಮಾತ್ರ ತಪ್ಪಾಗಿ ಬರುವುದು ಸಾಧ್ಯ. ಮುಂದೆ ಯಾರಾದರೂ ಮರುಜೋಡಣೆಯನ್ನು ಎರಡು ಮಾಡ್ಯೂಲುಗಳಾಗಿ ಒಡೆದರೆ, ಲೈಬ್ರರಿಯ ವರ್ತನೆ ಕಿಂಚಿತ್ತೂ ಬದಲಾಗದಿದ್ದರೂ ಟೆಸ್ಟ್ ಕಡತಗಳನ್ನೆಲ್ಲ ಮತ್ತೆ ಎಬ್ಬಿಸಿ ಕೂರಿಸಬೇಕಾಗುತ್ತದೆ.

ಆದ್ದರಿಂದ ಮೊದಲ ಫೋಲ್ಡರಿನ ಒಳಗಿನ ವಿಂಗಡಣೆಯು ಬಳಕೆದಾರರು ದೂರು ಕೊಡುವ ಭಾಷೆಯಲ್ಲಿಯೇ ಇರಲಿ ಎಂಬುದು ನನ್ನ ಸಲಹೆ: ಅರ್ಕಾವತ್ತು, ಒತ್ತಕ್ಷರ, ದೀರ್ಘ ಸ್ವರಚಿಹ್ನೆಗಳು, ಅಂಕಿಗಳು, ಕನ್ನಡ ಮತ್ತು ಇಂಗ್ಲಿಷ್ ಬೆರೆತ ಸಾಲುಗಳು, ವರ್ಡ್ ಕಡತದ ಕೋಷ್ಟಕಗಳು. ಕೋಡಿನ ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್ ಪ್ರಾಜೆಕ್ಟಿನ 'ಟಿ' ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ಅದು ಮೂಲ ಕೋಡಿನ ಕಡತಗಳನ್ನು ಅನುಸರಿಸುವುದೇ ಇಲ್ಲ. ಪ್ರತಿ ಸ್ಕ್ರಿಪ್ಟಿನ ಹೆಸರು 'ಟಿ' ಅಕ್ಷರ ಮತ್ತು ಅದರ ಹಿಂದೆಯೇ ಬರುವ ನಾಲ್ಕು ಅಂಕಿಗಳಿಂದ ಆರಂಭವಾಗುತ್ತದೆ ಮತ್ತು ಮೊದಲ ಅಂಕಿಯು ಆಜ್ಞೆಗಳ ಕುಟುಂಬವನ್ನು ಸೂಚಿಸುತ್ತದೆ. 0 ಎಂದರೆ ಬುನಾದಿಯ ಸಂಗತಿಗಳು, 4 ಎಂದರೆ ಡಿಫ್ ಸಂಬಂಧಿತವಾದವು, 5 ಎಂದರೆ ಪುಲ್ ಮತ್ತು ಅದರ ಬಳಗ. ಅಂಕಿಗಳ ಪದ್ಧತಿಯನ್ನು ನೀವು ನಕಲು ಮಾಡಬೇಕೆಂದು ನಾನು ಹೇಳುತ್ತಿಲ್ಲ, ನನಗೆ ಅದು ಇಷ್ಟವೂ ಇಲ್ಲ. ಆದರೆ ಒಳಗಿನ ಕೋಡ್ ಶೆಲ್ ಮತ್ತು ಪರ್ಲ್‌ನಿಂದ ಸಿ ಭಾಷೆಗೆ ಒಂದೊಂದಾಗಿ ಬದಲಾಗುತ್ತಾ ಹೋದಾಗಲೂ ಆ ಟೆಸ್ಟ್‌ಗಳು ತಮ್ಮ ಸ್ಥಾನದಲ್ಲಿಯೇ ಉಳಿದವು ಎಂಬುದನ್ನು ಗಮನಿಸಬೇಕು.

ವೇಗದ ಕುರಿತು ಒಂದು ಮಾತು. 'ನಿಧಾನ' ಎಂಬ ಹೆಸರಿನ ಫೋಲ್ಡರನ್ನು ಮಾಡಬೇಡಿ, ಏಕೆಂದರೆ ನಿಧಾನವೆಂಬುದು ಬದಲಾಗುವ ಗುಣ. ಅದಕ್ಕೆ ಮಾರ್ಕರ್, ಅಂದರೆ ಟೆಸ್ಟಿಗೆ ಅಂಟಿಸುವ ಹೆಸರಿನ ಚೀಟಿ, ಇದೆ. ಮಾರ್ಕರುಗಳ ಹೆಸರನ್ನು ಸಂರಚನೆಯಲ್ಲಿ ನೋಂದಾಯಿಸಿ, 'ಸ್ಟ್ರಿಕ್ಟ್-ಮಾರ್ಕರ್ಸ್' ಆಯ್ಕೆಯನ್ನೂ ಹಾಕಿಡಿ. ಇಲ್ಲದಿದ್ದರೆ ಯಾರೋ ಕಾಗುಣಿತ ತಪ್ಪಿ ಬರೆದ ಮಾರ್ಕರ್‌ಗೆ ಪೈಟೆಸ್ಟ್ ಒಂದು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಸಾಗುತ್ತದೆ, ಆ ಟೆಸ್ಟ್ ಯಾವ ಆಯ್ಕೆಗೂ ಸಿಗದೆ ಉಳಿಯುತ್ತದೆ.

ಬರಹಸೇತು

ಇಬ್ಬರಿಗೂ ಧನ್ಯವಾದಗಳು. ಕೋಷ್ಟಕವು ಜೇಸನ್ ಕಡತವೇ ಹೌದು, ಲೈಬ್ರರಿ ಬುಡದಲ್ಲಿಯೇ ಇರುವುದೂ ಹೌದು. ಎಸ್‌ಆರ್‌ಸಿ ಫೋಲ್ಡರಿಗೆ ಸಾಗಿಸುವ ಕೆಲಸವನ್ನು ಇದರೊಂದಿಗೇ ಕೈಗೆತ್ತಿಕೊಳ್ಳುತ್ತೇವೆ. ಒಳಗಿನ ವಿಂಗಡಣೆಯ ವಿಷಯದಲ್ಲಿ ನೇತ್ರಾವತಿಯವರ ಸಲಹೆ ನಮಗೆ ಹೊಂದುತ್ತದೆ, ಏಕೆಂದರೆ ನಮಗೆ ಬರುವ ದೂರುಗಳೆಲ್ಲ ನಿಜಕ್ಕೂ ಆ ಭಾಷೆಯಲ್ಲಿಯೇ ಇರುತ್ತವೆ.

ಮಾದರಿ ಕಡತಗಳ ಬಗ್ಗೆ ಇನ್ನೂ ಗೊಂದಲವಿದೆ. ಅವುಗಳನ್ನು ಪ್ರತಿ ಟೆಸ್ಟಿನ ಪಕ್ಕದಲ್ಲಿ ಇಡಬೇಕೋ, ಒಂದೇ ಕಡೆ ಕೂಡಿಸಬೇಕೋ? ವಿಂಡೋಸ್ ಬಳಸುವ ಸ್ವಯಂಸೇವಕರಲ್ಲಿ ಕೆಲವು ಟೆಸ್ಟ್‌ಗಳು ಸೋಲುತ್ತವೆ, ಲಿನಕ್ಸ್‌ನಲ್ಲಿ ಅವೇ ಪಾಸಾಗುತ್ತವೆ. ಎರಡೂ ಕಡೆ ಮುದ್ರಣವಾಗುವ ಪಠ್ಯ ಕಣ್ಣಿಗೆ ಒಂದೇ ರೀತಿ ಕಾಣುತ್ತದೆ. ಇದಕ್ಕೂ ಕಡತಗಳನ್ನು ಇಟ್ಟಿರುವ ರೀತಿಗೂ ಸಂಬಂಧವಿರಬಹುದೇ?

ಅಚ್ಚುಮೊಳೆ

ಸಂಬಂಧವಿದೆ. ಕನ್ನಡ ಪಠ್ಯವನ್ನು ಸಂಸ್ಕರಿಸುವ ಪ್ರಾಜೆಕ್ಟಿನಲ್ಲಿ ದತ್ತಾಂಶ ಕಡತಗಳ ಜಾಗ ಮತ್ತು ಅವುಗಳ ಮೇಲಿನ ನಿಯಮಗಳು ಟೆಸ್ಟ್ ಕೋಡಿಗಿಂತ ಹೆಚ್ಚಿನ ಎಚ್ಚರ ಬೇಡುತ್ತವೆ.

ಮೊದಲಿಗೆ ಜಾಗ. ಟೆಸ್ಟ್ಸ್ ಫೋಲ್ಡರಿನೊಳಗೆ 'ಡೇಟಾ' ಎಂಬ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಪ್ರತಿ ಸಂದರ್ಭಕ್ಕೂ ಎರಡು ಕಡತಗಳ ಜೋಡಿಯನ್ನು ಇಡಿ: ಒಂದು ನುಡಿ ಪಠ್ಯ, ಇನ್ನೊಂದು ನಿರೀಕ್ಷಿತ ಯುನಿಕೋಡ್ ಪಠ್ಯ, ಹೆಸರು ಒಂದೇ, ವಿಸ್ತರಣೆ ಮಾತ್ರ ಬೇರೆ. ಈ ಜೋಡಿಗಳನ್ನು ಹುಡುಕಿ ಪ್ರತಿಯೊಂದಕ್ಕೂ ಒಂದು ಟೆಸ್ಟ್ ಹುಟ್ಟಿಸುವ ಕೆಲಸವನ್ನು ಪೈಟೆಸ್ಟ್‌ನ ಪ್ಯಾರಾಮೆಟ್ರೈಸ್ ಸೌಲಭ್ಯಕ್ಕೆ ಬಿಟ್ಟು, ಕಡತದ ಹೆಸರನ್ನೇ ಟೆಸ್ಟಿನ ಗುರುತಾಗಿ ಕೊಡಿ. ಆಗ ಪೈಥಾನ್ ಬಾರದ, ಆದರೆ ನುಡಿ ಚೆನ್ನಾಗಿ ಬಲ್ಲ ಒಬ್ಬ ಡಿಟಿಪಿ ಕೆಲಸಗಾರರೂ ಒಂದು ಜೋಡಿ ಕಡತ ಸೇರಿಸುವ ಮೂಲಕ ನಿಮಗೆ ಟೆಸ್ಟ್ ಬರೆದುಕೊಡಬಹುದು. ನಿಮ್ಮ ಲೈಬ್ರರಿಗೆ ನಿಜವಾಗಿ ಬೇಕಾದ ಜ್ಞಾನ ಇರುವುದು ಅಂಥವರಲ್ಲಿ. 'ಮ' ಅಕ್ಷರವು ನುಡಿಯಲ್ಲಿ ಒಂದೇ ಸಂಕೇತವಲ್ಲ, 'ವ' ಬರೆಯುವ ತುಣುಕುಗಳಿಗೆ ಕೊಂಬು ಸೇರಿಸಿ ಕಟ್ಟಿದ್ದು ಎಂಬುದು, ಆದ್ದರಿಂದ ಸಂಕೇತಕ್ಕೊಂದು ಅಕ್ಷರವೆಂದು ಹೊಂದಿಸುತ್ತಾ ಹೋದರೆ 'ಮರ' ಎಂಬುದು 'ವುರ' ಆಗುತ್ತದೆ ಎಂಬುದು, ಆ ಪಠ್ಯಗಳನ್ನು ದಿನವೂ ನೋಡುವವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನಿಯಮಗಳು. ನುಡಿ ಆಸ್ಕಿ ಪಠ್ಯವೆಂದರೆ ವಾಸ್ತವದಲ್ಲಿ ವಿಂಡೋಸ್‌ನ ಪಶ್ಚಿಮ ಯುರೋಪಿನ ಸಂಕೇತಪುಟದಲ್ಲಿ, ಅಂದರೆ 1252ರಲ್ಲಿ, ಇರುವ ಬೈಟುಗಳು. ಯಾವುದಾದರೂ ಎಡಿಟರ್ ಅದನ್ನು ತೆರೆದು ಯುಟಿಎಫ್-8 ಆಗಿ ಉಳಿಸಿದರೆ ಮಾದರಿ ಕಡತ ಕೆಟ್ಟಂತೆಯೇ. ನಿರೀಕ್ಷಿತ ಪಠ್ಯವೋ ಯುಟಿಎಫ್-8ರಲ್ಲಿ ಇರಬೇಕು. ಪೈಥಾನಿನ ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಅದು ವ್ಯವಸ್ಥೆಯ ರೂಢಿಯನ್ನು ಹಿಡಿಯುತ್ತದೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8, ವಿಂಡೋಸ್‌ನಲ್ಲಿ ಆಯಾ ಯಂತ್ರದ ಸಂಕೇತಪುಟ. ಪೈಥಾನ್ 3.15ರಿಂದ ಎಲ್ಲೆಡೆ ಯುಟಿಎಫ್-8 ರೂಢಿಯಾಗಬೇಕೆಂದು ತೀರ್ಮಾನವಾಗಿದ್ದರೂ, ಅದಕ್ಕಾಗಿ ಕಾಯದೆ ಪ್ರತಿ ಕಡೆಯಲ್ಲಿಯೂ ಎನ್‌ಕೋಡಿಂಗ್ ಬರೆಯಿರಿ. ಇದಕ್ಕೆ ಸೇರಿಕೊಂಡಂತೆ, ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಯ ಗುರುತನ್ನು ಬದಲಿಸುವಂತೆ ಹೊಂದಿಸಲ್ಪಟ್ಟಿರುವುದು ಸಾಮಾನ್ಯ. ದತ್ತಾಂಶವೆಲ್ಲ ಒಂದೇ ಫೋಲ್ಡರಿನಲ್ಲಿದ್ದರೆ ಗಿಟ್ ಆಟ್ರಿಬ್ಯೂಟ್ಸ್ ಕಡತದಲ್ಲಿ ಒಂದೇ ಸಾಲು ಬರೆದು, ಆ ಫೋಲ್ಡರಿನ ಯಾವ ಕಡತವನ್ನೂ ಪಠ್ಯವೆಂದು ಭಾವಿಸಬಾರದೆಂದು ಹೇಳಬಹುದು. ಟೆಸ್ಟ್‌ಗಳ ಪಕ್ಕದಲ್ಲಿ ಅಲ್ಲಲ್ಲಿ ಚದುರಿಸಿಟ್ಟರೆ ಆ ನಿಯಮವನ್ನು ಬರೆಯುವುದು ತಲೆನೋವು. ಡೇಟಾ ಫೋಲ್ಡರ್ ಪ್ರತ್ಯೇಕವಾಗಿರಬೇಕು ಎನ್ನಲು ನನಗಿರುವ ಮುಖ್ಯ ಕಾರಣ ಇದು; ಗೋ ಭಾಷೆಯ ಉಪಕರಣಗಳು 'ಟೆಸ್ಟ್‌ಡೇಟಾ' ಎಂಬ ಹೆಸರಿನ ಫೋಲ್ಡರನ್ನು ಪ್ಯಾಕೇಜೆಂದು ಪರಿಗಣಿಸದೆ ಬಿಟ್ಟುಬಿಡುವುದೂ ಇಂತಹ ಪ್ರತ್ಯೇಕತೆಯನ್ನು ಮನ್ನಿಸಿಯೇ.

ಕಣ್ಣಿಗೆ ಒಂದೇ ರೀತಿ ಕಂಡರೂ ಟೆಸ್ಟ್ ಸೋಲುವುದಕ್ಕೆ ಸಾಲಿನ ಕೊನೆಯ ಗುರುತು ಒಂದು ಕಾರಣವಾದರೆ, ಯುನಿಕೋಡ್‌ನ ಸಮಾನ ರೂಪಗಳು ಇನ್ನೊಂದು. 'ಕೋ' ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿ ಬರೆಯಬಹುದು. ಎತ್ವ, ದೀರ್ಘದ ಕೊಂಬು, ಕೊನೆಯ ದೀರ್ಘದ ಗುರುತು ಎಂದು ಮೂರು ಬಿಂದುಗಳಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡ್ ಪ್ರಕಾರ ಎರಡೂ ಸಮಾನ, ಪೈಥಾನಿನ ಹೋಲಿಕೆಗೆ ಎರಡೂ ಬೇರೆ ಬೇರೆ. 'ರ‍್ಯಾಂಕ್' ಎಂಬ ಪದದಲ್ಲಿ ರಕಾರದ ನಂತರ ಅಡಗಿರುವ ಜೋಡಣೆಯ ಗುರುತಂತೂ ಕಾಣುವುದೇ ಇಲ್ಲ. ಇಲ್ಲಿ ಹೋಲಿಸುವ ಮೊದಲು ಎರಡೂ ಬದಿಯನ್ನು ಎನ್‌ಎಫ್‌ಸಿ ಎಂಬ, ಬಿಡಿ ಬಿಂದುಗಳನ್ನು ಕೂಡಿಸಿದ ಏಕರೂಪಕ್ಕೆ ತಂದುಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಿಮ್ಮ ಲೈಬ್ರರಿಗೆ ಅದು ಸಲ್ಲದು. ಹೊರಬರುವ ಪಠ್ಯವು ಯಾವ ರೂಪದಲ್ಲಿ ಇರಬೇಕೆಂಬುದು ನೀವು ಬಳಕೆದಾರರಿಗೆ ಕೊಡುವ ಭರವಸೆಯ ಭಾಗವಾದ್ದರಿಂದ, ಟೆಸ್ಟ್ ಅದನ್ನು ಮರೆಮಾಡಬಾರದು. ಹೋಲಿಕೆ ಬಿಂದುವಿಗೆ ಬಿಂದುವೇ ಆಗಬೇಕು. ಬದಲಾಗಬೇಕಾದುದು ಸೋತಾಗ ಬರುವ ವರದಿ. ಟೆಸ್ಟ್ಸ್ ಫೋಲ್ಡರಿನ ಮೇಲ್ಮಟ್ಟದ ಕಾನ್ಫ್‌ಟೆಸ್ಟ್ ಕಡತದಲ್ಲಿ 'ಪೈಟೆಸ್ಟ್_ಅಸರ್ಟ್‌ರೆಪ್ರ್_ಕಂಪೇರ್' ಎಂಬ ಹುಕ್ (ಪೈಟೆಸ್ಟ್ ತಾನೇ ಕರೆಯುವ ಫಂಕ್ಷನ್) ಬರೆದು, ಎರಡು ಪಠ್ಯಗಳು ಬೇರೆಯಾದಾಗ ಮೊದಲ ಬಾರಿ ವ್ಯತ್ಯಾಸ ಬಂದ ಜಾಗವನ್ನೂ ಅಲ್ಲಿನ ಬಿಂದುಗಳ ಯುನಿಕೋಡ್ ಹೆಸರುಗಳನ್ನೂ ಮುದ್ರಿಸುವಂತೆ ಮಾಡಿ. ಎಲ್ಲ ಫೋಲ್ಡರ್‌ಗಳಿಗೂ ಬೇಕಾದ ಇಂತಹ ಒಂದೆರಡು ಸಂಗತಿಗಳನ್ನು ಬಿಟ್ಟು ಆ ಮೇಲ್ಮಟ್ಟದ ಕಡತದಲ್ಲಿ ಬೇರೇನೂ ಇರಬಾರದು.

ಕಡಲತಡಿಯವ

ಅಚ್ಚುಮೊಳೆಯವರ ಉತ್ತರಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಸಾಗಿಸುವ ಕೆಲಸ ಆರಂಭಿಸುವ ಮೊದಲು ಕೆಲವು ಎಚ್ಚರಿಕೆಗಳನ್ನು ಹೇಳುತ್ತೇನೆ, ಏಕೆಂದರೆ ಫೋಲ್ಡರ್ ಬದಲಾಯಿಸುವಾಗ ಬರುವ ಅಪಾಯವೆಂದರೆ ಟೆಸ್ಟ್‌ಗಳು ಸೋಲುವುದಲ್ಲ, ಸದ್ದಿಲ್ಲದೆ ಓಡದೇ ಹೋಗುವುದು.

ಪೈಟೆಸ್ಟ್ ರೂಢಿಯಲ್ಲಿ ಹೆಸರು 'ಟೆಸ್ಟ್_' ಎಂದು ಆರಂಭವಾಗುವ ಅಥವಾ '_ಟೆಸ್ಟ್' ಎಂದು ಮುಗಿಯುವ ಪೈಥಾನ್ ಕಡತಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸಾಗಿಸುವ ಭರದಲ್ಲಿ ಯಾರಾದರೂ 'ಅರ್ಕಾವತ್ತು_ಟೆಸ್ಟ್ಸ್' ಎಂದು ಬಹುವಚನದ ಹೆಸರು ಕೊಟ್ಟರೆ ಆ ಕಡತ ಕಾಣೆಯಾದಂತೆಯೇ. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ 5 ಎಂಬ ನಿರ್ಗಮನ ಸಂಕೇತ ಕೊಟ್ಟು ಸಿಐಯನ್ನು ನಿಲ್ಲಿಸುತ್ತದೆ ನಿಜ, ಆದರೆ ಉಳಿದವು ಸಿಕ್ಕು ಕೆಲವು ಮಾತ್ರ ತಪ್ಪಿಹೋದರೆ ಅದು ಏನನ್ನೂ ಹೇಳುವುದಿಲ್ಲ. ನಾನು ಸೂಚಿಸಿದ ಮೂರನೆಯ ಫೋಲ್ಡರಿಗೆ 'ಬಿಲ್ಡ್' ಅಥವಾ 'ಡಿಸ್ಟ್' ಎಂದು ಹೆಸರಿಡುವ ಆಸೆ ನಿಮಗೆ ಬರಬಹುದು. ಇಡಬೇಡಿ. ಆ ಹೆಸರಿನ ಫೋಲ್ಡರ್‌ಗಳನ್ನು ಪೈಟೆಸ್ಟ್ ಒಳಹೊಕ್ಕು ನೋಡದೆ ಬಿಡುವ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಂಡಿದೆ.

ಆದ್ದರಿಂದ ಸಾಗಿಸುವ ಮೊದಲು, ಟೆಸ್ಟ್‌ಗಳನ್ನು ಓಡಿಸದೆ ಅವುಗಳ ಪಟ್ಟಿಯನ್ನಷ್ಟೇ ಕೊಡುವ 'ಕಲೆಕ್ಟ್-ಓನ್ಲಿ' ಆಯ್ಕೆಯಿಂದ ಒಂದು ಪಟ್ಟಿ ತೆಗೆದಿಟ್ಟುಕೊಳ್ಳಿ. ಸಾಗಿಸಿದ ನಂತರ ಇನ್ನೊಂದನ್ನು ತೆಗೆದು, ಎರಡರಿಂದಲೂ ಫೋಲ್ಡರಿನ ಭಾಗವನ್ನು ಕತ್ತರಿಸಿ, ವಿಂಗಡಿಸಿ ಹೋಲಿಸಿ. ಒಂದು ಸಾಲೂ ವ್ಯತ್ಯಾಸ ಇರಬಾರದು. ಸಾಗಿಸುವ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸುವ ಬದಲಾವಣೆಯಲ್ಲಿ) ಕಡತಗಳ ಒಳಗನ್ನು ತಿದ್ದಬೇಡಿ. ಗಿಟ್ ಹೆಸರು ಬದಲಾವಣೆಯನ್ನು ಎಲ್ಲಿಯೂ ದಾಖಲಿಸಿಡುವುದಿಲ್ಲ, ಕಡತಗಳ ಸಾಮ್ಯವನ್ನು ನೋಡಿ ಊಹಿಸುತ್ತದೆ, ಮತ್ತು ರೂಢಿಯಲ್ಲಿ ಆ ಸಾಮ್ಯದ ಮಿತಿ ಶೇ. 50. ಡೇಟಾಬೇಸ್ ಫಿಕ್ಸ್ಚರನ್ನು ಬೇರ್ಪಡಿಸುವುದು ಅದರ ಮುಂದಿನ ಕಮಿಟ್‌ನಲ್ಲಿ ಆಗಲಿ.

ಎರಡನೆಯ ಫೋಲ್ಡರಿನ ಟೆಸ್ಟ್‌ಗಳಿಗೆಲ್ಲ ತಾನಾಗಿಯೇ 'ಡಿಬಿ' ಮಾರ್ಕರ್ ಅಂಟಿಸಲು, ಸಂಗ್ರಹಿಸಿದ ಟೆಸ್ಟ್‌ಗಳ ಪಟ್ಟಿಯನ್ನು ತಿದ್ದುವ ಹುಕ್ಕನ್ನು ಆ ಫೋಲ್ಡರಿನ ಕಾನ್ಫ್‌ಟೆಸ್ಟ್ ಕಡತದಲ್ಲಿ ಬರೆಯಬಹುದು. ಆದರೆ ಫಿಕ್ಸ್ಚರ್‌ಗಳಿಗೆ ಇರುವ ಫೋಲ್ಡರಿನ ಗಡಿ ಈ ಹುಕ್ಕಿಗೆ ಇಲ್ಲ. ಅದು ಎಲ್ಲಿ ಬರೆದಿದ್ದರೂ ಆ ಓಟದ ಎಲ್ಲ ಟೆಸ್ಟ್‌ಗಳ ಪಟ್ಟಿಯನ್ನೂ ಪಡೆಯುತ್ತದೆ. ಪ್ರತಿ ಟೆಸ್ಟಿನ ಕಡತ ಎಲ್ಲಿದೆಯೆಂದು ನೋಡಿಯೇ ಮಾರ್ಕರ್ ಅಂಟಿಸಬೇಕು.

ಬರಹಸೇತು

ಬಹಳ ಉಪಯುಕ್ತವಾದ ಮಾತುಗಳು. ನಮ್ಮಲ್ಲಿ ಇನ್ನೂ ವಿಲೀನವಾಗದ ಹಲವು ಪುಲ್ ರಿಕ್ವೆಸ್ಟ್‌ಗಳಿವೆ (ಸ್ವಯಂಸೇವಕರು ಕಳುಹಿಸಿದ ಬದಲಾವಣೆಗಳ ಪ್ರಸ್ತಾವಗಳು), ಅವುಗಳಲ್ಲಿ ಕೆಲವು ಟೆಸ್ಟ್ಸ್ ಫೋಲ್ಡರಿಗೆ ಹೊಸ ಕಡತ ಸೇರಿಸುತ್ತವೆ. ಫೋಲ್ಡರಿನ ಹೆಸರು ಬದಲಾದುದನ್ನು ಗಿಟ್ ಗುರುತಿಸಿ ಹೊಸ ಕಡತಗಳನ್ನೂ ಸರಿಯಾದ ಜಾಗಕ್ಕೆ ಒಯ್ಯುತ್ತದೆ ಎಂದು ಕೇಳಿದ್ದೇನೆ. ಅದನ್ನು ನಂಬಬಹುದೇ?

ಕಡಲತಡಿಯವ

ನಿಮ್ಮ ಸಂದರ್ಭದಲ್ಲಿ ನಂಬುವಂತಿಲ್ಲ. ಹಳೆಯ ಫೋಲ್ಡರ್ ಒಂದು ಬದಿಯಲ್ಲಿ ಪೂರ್ಣವಾಗಿ ಇಲ್ಲವಾದಾಗ ಮಾತ್ರ ಗಿಟ್ ಅದನ್ನು ಹೆಸರು ಬದಲಾದ ಫೋಲ್ಡರೆಂದು ಊಹಿಸುತ್ತದೆ. ನಿಮ್ಮ ಟೆಸ್ಟ್ಸ್ ಫೋಲ್ಡರ್ ಕಾನ್ಫ್‌ಟೆಸ್ಟ್ ಕಡತದೊಂದಿಗೆ ಅಲ್ಲಿಯೇ ಉಳಿಯುತ್ತದೆ, ಅದರೊಳಗಿನ ಕಡತಗಳಷ್ಟೇ ಮೂರು ಕಡೆಗೆ ಹಂಚಿಹೋಗುತ್ತವೆ. ಈಗಾಗಲೇ ಇರುವ ಕಡತಗಳನ್ನು ತಿದ್ದಿದ ಪುಲ್ ರಿಕ್ವೆಸ್ಟ್‌ಗಳನ್ನು ಗಿಟ್ ಬಹುತೇಕ ಸರಿಯಾಗಿ ಹೊಂದಿಸಿಕೊಳ್ಳುತ್ತದೆ. ಹೊಸ ಕಡತ ತಂದವು ಮಾತ್ರ ಯಾವ ಸಂಘರ್ಷವನ್ನೂ ತೋರಿಸದೆ ವಿಲೀನವಾಗಿ ಹಳೆಯ ಜಾಗದಲ್ಲಿಯೇ ಕುಳಿತುಕೊಳ್ಳುತ್ತವೆ.

ಇದರಿಂದ ಸಂರಚನೆಯ ಬಗ್ಗೆ ಒಂದು ಸಂಗತಿ ಹೊರಡುತ್ತದೆ. ಎಲ್ಲಿ ಹುಡುಕಬೇಕೆಂದು ಹೇಳುವ 'ಟೆಸ್ಟ್‌ಪಾತ್ಸ್' ಸಾಲಿನಲ್ಲಿ ಮೂರು ಒಳ ಫೋಲ್ಡರ್‌ಗಳನ್ನು ಹೆಸರಿಸಿದರೆ ಹೀಗೆ ಹೊರಗೆ ಉಳಿದ ಕಡತಗಳು ಎಂದೂ ಓಡುವುದಿಲ್ಲ. ಸಿಐನಲ್ಲಿ ಪೋಸ್ಟ್‌ಗ್ರೆಸ್ ಇಲ್ಲದ ಒಂದು ಕೆಲಸ, ಇರುವ ಒಂದು ಕೆಲಸ ಎಂದು ಬೇರ್ಪಡಿಸಿ, ಅವುಗಳಿಗೆ ಒಳ ಫೋಲ್ಡರ್‌ಗಳ ಹೆಸರನ್ನು ಕೊಟ್ಟರೂ ಇದೇ ಪರಿಣಾಮ. ಟೆಸ್ಟ್‌ಪಾತ್ಸ್‌ನಲ್ಲಿ ಟೆಸ್ಟ್ಸ್ ಫೋಲ್ಡರ್ ಒಂದನ್ನೇ ಬರೆಯಿರಿ, ಸಿಐನ ಕೆಲಸಗಳನ್ನು ಡಿಬಿ ಮಾರ್ಕರ್ ಇದೆಯೋ ಇಲ್ಲವೋ ಎಂಬುದರ ಮೇಲೆ ಬೇರ್ಪಡಿಸಿ, ಮತ್ತು ಟೆಸ್ಟ್ಸ್ ಫೋಲ್ಡರಿನ ಮೇಲ್ಮಟ್ಟದಲ್ಲಿ ಕಾನ್ಫ್‌ಟೆಸ್ಟ್ ಮತ್ತು (ಇದ್ದರೆ) ಇನಿಟ್ ಹೊರತು ಬೇರೆ ಯಾವುದೇ ಪೈಥಾನ್ ಕಡತ ಕಂಡರೆ ಸೋಲುವ ಒಂದು ಸಣ್ಣ ತಪಾಸಣೆಯನ್ನು ಸಿಐಗೆ ಸೇರಿಸಿ. ಲೈಬ್ರರಿಯನ್ನು ಎಸ್‌ಆರ್‌ಸಿಗೆ ಸಾಗಿಸುವ ಕೆಲಸವನ್ನು ಮಾತ್ರ ಇದರೊಂದಿಗೆ ಬೆರೆಸದೆ, ಆ ಪುಲ್ ರಿಕ್ವೆಸ್ಟ್‌ಗಳೆಲ್ಲ ಮುಗಿದ ಮೇಲೆ ಮಾಡುವುದು ಒಳ್ಳೆಯದು; ಅಲ್ಲಿ ಹಳೆಯ ಫೋಲ್ಡರ್ ಪೂರ್ತಿಯಾಗಿ ಸ್ಥಳಾಂತರವಾಗುವುದರಿಂದ ಗಿಟ್ ಸರಿಯಾಗಿ ಊಹಿಸಬಹುದಾದರೂ, ಎರಡು ಸ್ಥಳಾಂತರಗಳ ನಡುವೆ ಸಿಕ್ಕಿಕೊಂಡ ಪುಲ್ ರಿಕ್ವೆಸ್ಟನ್ನು ಪರಿಶೀಲಿಸುವ ಕಷ್ಟ ನಿಮ್ಮ ಸ್ವಯಂಸೇವಕರಿಗೆ ಬೇಡ.